ಚಿಕ್ಕಮಾರಮ್ಮನ ಸಕಾರ

ಮಾತಿನ ಧ್ವನಿಗಳನ್ನು ಪರೀಕ್ಷಿಸಿ ಬರೆಯುವುದಕ್ಕೆಂದೇ ಒಂದು ಪತ್ರಿಕೆ ಇದೆ. ನಾವು ‘ಸೊಪ್ಪು’ ಅನ್ನುವಾಗ ನಾಲಿಗೆ ಎಲ್ಲಿರುತ್ತದೆ, ಗಾಳಿ ಎಲ್ಲಿಂದ ನುಸುಳುತ್ತದೆ, ಇಂಥವೇ ಅದರ ತುಂಬ. ತುಮಕೂರಿನ ಸದಾಶಿವನಗರದ ಪಲ್ಲವಿ, ಕಾಲೇಜಿನಲ್ಲಿ ಪಾಠ ಹೇಳುವವಳು, ಗುಬ್ಬಿ ಮತ್ತು ಕುಣಿಗಲ್ಲಿನ ವಯಸ್ಸಾದ ಹೆಂಗಸರ ಮಾತನ್ನು ರೆಕಾರ್ಡ್ ಮಾಡಿಕೊಂಡು ಆ ಪತ್ರಿಕೆಗೆ ಲೇಖನ ಕಳಿಸಿದ್ದಳು.

ಗುಬ್ಬಿಯವರಲ್ಲಿ ಸಂತೆಯಲ್ಲಿ ಸೊಪ್ಪು ಮಾರುವ ಚಿಕ್ಕಮಾರಮ್ಮನೂ ಒಬ್ಬಳು. ಬರೀ ದನಿ ಸಾಕು ಅಂದರೂ ಕೇಳದೆ, ಫೋಟೊಗೆ ಕೂರುವವಳ ಹಾಗೆ ರೇಷ್ಮೆ ಸೀರೆ ಉಟ್ಟು ಮಾತಾಡಿದ್ದಳು.

ಕೆಲವು ತಿಂಗಳ ಮೇಲೆ ಪತ್ರಿಕೆಯವರು ಕೇಳಿದರು: ಇವರ ಸಕಾರದಲ್ಲಿ ಸಣ್ಣ ಸಿಳ್ಳೆ ಇದೆ, ಕಟ್ಟಿಸಿದ ಹಲ್ಲೇ?

ಪಲ್ಲವಿ ಬಂದಾಗ ಚಿಕ್ಕಮಾರಮ್ಮ ಜಗಲಿಯ ಮೇಲಿದ್ದಳು. ಪಕ್ಕದ ಮನೆಯ ಸರ್ವಮಂಗಳಮ್ಮ ಜೊತೆಗೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

“ಅಜ್ಜಿ, ನಿಮ್ಮ ಹಲ್ಲು ಕಟ್ಸಿದ್ದಾ?”

ಸರ್ವಮಂಗಳಮ್ಮನ ಬೆರಳು ನಿಂತಿತು.

“ಏನವ್ವಾ ಹಿಂಗ್ ಕೇಳ್ತೀಯ? ನನ್ನವೇ ಕಣವ್ವ,” ಅಂದಳು ಚಿಕ್ಕಮಾರಮ್ಮ.

“ಹೆಸ್ರು ಹಾಕಲ್ಲ ಅಜ್ಜಿ. ‘ಗುಬ್ಬಿ ನಾಲ್ಕು’ ಅಂತ ಅಷ್ಟೇ. ನೀವು ಯಾರು ಅಂತ ಯಾರ್ಗೂ ಗೊತ್ತಾಗಲ್ಲ.”

ಪತ್ರಿಕೆ ಹೆಸರನ್ನು ಲೋಕದಿಂದ ಮುಚ್ಚಿಡುತ್ತಿತ್ತು. ಯಾರಿಂದ ಮುಚ್ಚಿಡಬೇಕಿತ್ತೋ ಅವಳು ಮಗ್ಗುಲಲ್ಲೇ ಇದ್ದಳು.

“ನನ್ನವೇ ಅಂದ್ನಲ್ಲ.”

ಪಲ್ಲವಿಗೆ ಅರ್ಥವಾಯಿತು. “ಸರಿ ಅಜ್ಜಿ. ನಿಮ್ಮ ಮಾತು ತೆಗೆದ್ಬಿಡ್ತೀನಿ.”

“ತೆಗುದ್ರೆ ಏನಾಯ್ತದೆ?”

“ಗುಬ್ಬಿಯವರು ಸಾಲಲ್ಲ. ಲೇಖನ ವಾಪಸ್ ಬರುತ್ತೆ. ನನ್ನ ಕೆಲಸ ಕಾಯಂ ಆಗೋದು ಅದರ ಮೇಲೇ ಇದೆ.”

ಚಿಕ್ಕಮಾರಮ್ಮ ಬೀದಿಯ ಕಡೆ ನೋಡುತ್ತ ಕೂತಳು. ಸರ್ವಮಂಗಳಮ್ಮ ಎದ್ದು ಹೋಗುವಳೇನೋ ಎಂದು ಕಾದಳು. ಅವಳು ಕಾಲು ಮಡಚಿ ಇನ್ನೂ ಭದ್ರವಾಗಿ ಕೂತಳು. ಕೊನೆಗೆ ಚಿಕ್ಕಮಾರಮ್ಮ ಸೆರಗು ಅಡ್ಡ ಹಿಡಿದು ಹಲ್ಲಿನ ಸೆಟ್ ತೆಗೆದಳು. ಕೆನ್ನೆ ಒಳಗೆ ಬಿತ್ತು.

“ಮಾತು ಹಿಡ್ಕೊ ಈಗ. ಮನ್ಸು ತಿರುಗೋಕ್ ಮುಂಚೆ ಹಿಡ್ಕೊ.”

ಪಲ್ಲವಿ ಫೋನು ಮುಂದಿಟ್ಟಳು. ಸಂತೆ, ಸೊಪ್ಪು, ಸಾಸಿವೆ. ಸಕಾರ ಕೊಂಚ ಮೆತ್ತಗಾಗಿ ಬಂತು, ಸಿಳ್ಳೆ ಇರಲಿಲ್ಲ. ಹಲ್ಲಿದ್ದಾಗಿನದು, ಇಲ್ಲದಾಗಿನದು, ಎರಡನ್ನೂ ಹಾಗೇ ಹೇಳಿ ಬರೆಯುತ್ತೇನೆ ಅಂದಳು.

ಫೋನು ಆಫ್ ಆದದ್ದೇ ತಡ, ಸರ್ವಮಂಗಳಮ್ಮ ಬಾಯಿ ಬಿಟ್ಟಳು.

“ಅಯ್ಯೋ ನಿನ್ ಮನೆ ಕಾಯ್ವಾಗ! ಹರಕೆ ಐತೆ ಅಂತ ಹೇಳಿ ಇಷ್ಟ್ ವರ್ಷ ನನ್ ಕೈಯಿಂದ ಒಂದ್ ಅಡಿಕೆ ಇಸ್ಕೊಳ್ಳಿಲ್ವಲ್ಲೇ!”

“ಇಸ್ಕೊಂಡು ಯಾವುದ್ರಲ್ಲಿ ಅಗೀಲಿ? ನೀನ್ ಬೀದಿಗೆಲ್ಲ ಸಾರ್ತೀಯ ಅಂತ್ಲೇ ಹೇಳಿಲ್ಲ ಕಣೇ.”

“ಸಾರ್ದೆ ಬುಟ್ಬುಡ್ತೀನಾ?”

ಸಾರಿದಳು. ಲೇಖನ ಅಚ್ಚಾಯಿತು, ಪಲ್ಲವಿಯ ಕೆಲಸವೂ ಕಾಯಂ ಆಯಿತು. ಗುಬ್ಬಿ ಸಂತೆಯಲ್ಲಿ ಗಿರಾಕಿಗಳು ಮೊದಲು ಚಿಕ್ಕಮಾರಮ್ಮನ ಬಾಯಿ ನೋಡಿ, ಆಮೇಲೆ ಸೊಪ್ಪು ನೋಡುತ್ತಿದ್ದರು. ಅದೂ ಒಂದೆರಡು ವಾರ. ಆಮೇಲೆ ಸೊಪ್ಪನ್ನೇ ನೋಡಿದರು, ಬಾಡಿದೆ ಎಂದು ಚೌಕಾಸಿ ಮಾಡಿದರು.