ಮೊದಲು ಯಾವ ತುದಿ

"ಯಾವ ತುದಿಯಿಂದ ಶುರು ಮಾಡೋಣ?" ಎಂದು ಎಂಜಿನಿಯರ್ ಊರ ಸಭೆಯನ್ನು ಮತ್ತೆ ಕೇಳಿದರು. ಎಲ್ಲರ ಕಣ್ಣೂ ಮುಂದಿನ ಸಾಲಿನಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದ ಹಗ್ಗದಮ್ಮನ ಮೇಲೆ.

ಸಮುದ್ರ ವರ್ಷವರ್ಷವೂ ದಡ ತಿನ್ನುತ್ತಿತ್ತು. ಸರ್ಕಾರದವರು "ನೋಡೋಣ" ಅಂದಿದ್ದರು; ನೋಡುತ್ತಲೇ ಇದ್ದರು. ಕೊನೆಗೆ ಊರಿನವರೇ ಕೈಯಿಂದ ದುಡ್ಡು ಹಾಕಿ ತಡೆಗೋಡೆ ಕಟ್ಟಲು ಹೊರಟರು. ಹನಿ ಹನಿ ಕೂಡಿದರೂ ಹಳ್ಳ ಅರ್ಧವೇ ತುಂಬಿತ್ತು: ಆ ದುಡ್ಡಿಗೆ ಸಿಗುವ ಕಲ್ಲು ಅರ್ಧ ದಡಕ್ಕೆ ಸಾಕು. ಉಳಿದರ್ಧ ಒಂದು ಮಳೆಗಾಲವನ್ನು ಬರಿಮೈಯಲ್ಲೇ ಎದುರಿಸಬೇಕು. ಉತ್ತರದ ತುದಿಯಲ್ಲಿ ಹಗ್ಗದ ಕಾರ್ಖಾನೆ ನಡೆಸುವ ಹಗ್ಗದಮ್ಮನ ಮನೆ. ಎಲ್ಲರಿಗಿಂತ ಹೆಚ್ಚು ಕೊಟ್ಟವರು ಅವರು. ಇನ್ನು ಕೇಳುವುದೇನಿದೆ?

ದಕ್ಷಿಣದ ತುದಿಯ ಮನೆಯವನು, ದೋಣಿ ಎಂಜಿನ್ ರಿಪೇರಿಯ ಮೆಕ್ಯಾನಿಕ್, ಹಿಂದಿನ ಬೆಂಚಿನಲ್ಲಿ ಉಗುರಿನ ಗ್ರೀಸ್ ಕೆರೆಯುತ್ತ ಕೂತಿದ್ದ. ಅವನ ಹಿತ್ತಲು ಹೋಗಿಯಾಗಿತ್ತು, ಬಟ್ಟೆ ಒಗೆಯುವ ಕಲ್ಲೂ ಹೋಗಿತ್ತು. ಈಗ ಅಲೆ ಬಡಿದರೆ ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಬಾಡಿಗೆ ಮನೆ ಹುಡುಕೋಣ ಅಂದರೆ ಕುರುಡಿ ತಾಯಿಯದು ಒಂದೇ ಮಾತು. "ಈ ಮನೇಲಿ ಮಾತ್ರ ಕಣೋ ನಂಗೆ ಕಣ್ಣು ಕಾಣೋದು."

ಹಗ್ಗದಮ್ಮ ಎದ್ದು ನಿಂತರು.

"ಮೆಕ್ಯಾನಿಕ್ ಮನೆ ಕಡೆಯಿಂದ ಶುರು ಮಾಡಿ."

ಸಭೆಗೆಂದು ದೂರದೂರಿನಿಂದ ಬಂದು ಪಕ್ಕದಲ್ಲಿ ಕೂತಿದ್ದ ಅಳಿಯ ಗಾಬರಿಯಾದ. "ಅತ್ತೆ, ನಮ್ಮ ಮನೆ..."

"ನಮ್ಮದು ಸಿಮೆಂಟ್ ಕಂಬ, ಒಂದು ಮಳೆಗಾಲ ತಡ್ಕೊಳ್ಳುತ್ತೆ. ಅವನದು ಸಮುದ್ರ ಸೀನಿದ್ರೆ ಬೀಳುತ್ತೆ. ಕಣ್ಣಿಲ್ಲದ ಮುದುಕಿ ಈ ವಯಸ್ಸಲ್ಲಿ ಹೊಸ ಮನೆಗೆ ಹೋಗಿ ಬಾಗಿಲೆಲ್ಲಿ ಅಂತ ತಡಕಾಡ್ಬೇಕಾ?"

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅವರ ಮಾತೂ ಅವರು ಹೊಸೆಯುವ ಹಗ್ಗದಂತೆಯೇ, ಒರಟು. ಮೆಕ್ಯಾನಿಕ್ ಹಿಂದೆಯೇ ಓಡಿದ. ಎದುರಿಗೆ ಹೋಗಿ ನಿಂತ.

"ಏನು ಕಂಬದ ಹಾಗೆ ನಿಂತಿದ್ದೀಯ? ನಾಳೆ ಕಲ್ಲು ಬರುತ್ತೆ. ಹೋಗಿ ದಾರಿಲಿರೋ ಸಾಮಾನು ಎತ್ತು."

ಗೋಡೆ ಅವನ ಮನೆಯಿಂದ ಶುರುವಾಗಿ ದಡದ ನಡುವಿನ ಮೀನು ಸಂತೆಯ ಶೆಡ್ಡಿನವರೆಗೆ ಬಂದು ನಿಂತಿತು. ಮಳೆಗಾಲ ಹಿಡಿಯಿತು. ದೊಡ್ಡ ಅಲೆಗಳೆದ್ದ ದಿನ ತಾಯಿ ಅಡುಗೆಮನೆಯ ಗೋಡೆಗೆ ಅಂಗೈ ಊರಿ ಬಹಳ ಹೊತ್ತು ನಿಂತಳು. "ನಡುಗ್ತಾ ಇಲ್ಲ ಕಣೋ," ಅಂದಳು. ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದರೆ ಉತ್ತರದಲ್ಲಿ ಸಿಮೆಂಟ್ ಕಂಬಗಳು ಮಳೆಗಾಲವನ್ನು ತಡೆದುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಕೂಗು ಕೇಳಿ ಮೆಕ್ಯಾನಿಕ್ ಓಡಿಹೋದಾಗ ಹಗ್ಗದಮ್ಮನ ಹೂದೋಟ ಇರಲೇ ಇಲ್ಲ. ಕೆಳಗಿನ ಮಣ್ಣು ಕೊಚ್ಚಿಹೋಗಿ ಜಗಲಿ ಗಾಳಿಯಲ್ಲಿ ನಿಂತಿತ್ತು. ದೋಣಿಯವರ ಜೊತೆ ಅವನೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗೆ ಹೋಗಿ, ಕಪಾಟು, ಮಂಚ, ಪಾತ್ರೆ ಒಂದೊಂದೇ ಎಳೆದು ತಂದ. ಕೊನೆಗೆ, ಹಗ್ಗದಮ್ಮ ಗಂಡನಿಗೆ ಸಾಯುವ ತನಕ ಆರೈಕೆ ಮಾಡಿದ ಮುಂಬದಿಯ ಕೋಣೆ ಕಿಟಕಿಯ ಸಮೇತ ನೀರಿಗೆ ಕುಸಿಯಿತು.

"ಅಮ್ಮಾ, ನಮ್ಮಿಂದ ಹೀಗಾಯ್ತು," ಅಂದ ಅವನು.

"ತಗೊಂಡಿದ್ದು ಸಮುದ್ರ. ನಿನಗ್ಯಾಕೋ ಅಷ್ಟು ದೊಡ್ಡಸ್ತಿಕೆ?" ಅಂದರು ಹಗ್ಗದಮ್ಮ. ಹಾಗೆ ಅಂದವರು ಆ ಕಿಟಕಿ ಇದ್ದ ಜಾಗದಿಂದ ಕಣ್ಣು ಕೀಳಲಿಲ್ಲ.

ಮಗಳ ಮನೆ ದೂರ; ಉಳಿದ ಗೋಡೆಗಳನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ. ಮೆಕ್ಯಾನಿಕ್‌ನ ತಾಯಿ ಹಟ ಹಿಡಿದು ಕರೆಸಿಕೊಂಡಳು. ಬಾಗಿಲಲ್ಲೇ ಕೈ ಹಿಡಿದು, "ಹೊಸಿಲು ಎತ್ತರ ಇದೆ, ಕಾಲೆತ್ತಿಡಿ. ಇಲ್ಲಿ ಬಗ್ಗಿ, ತೊಲೆ ತಲೆಗೆ ಬಡಿಯುತ್ತೆ," ಎನ್ನುತ್ತ ಮನೆಯಿಡೀ ತೋರಿಸಿದಳು. ಎರಡು ದಿನ ಮರ್ಯಾದೆ ನಡೆಯಿತು. ಆಮೇಲೆ ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಇಬ್ಬರಿಗೂ ಜಗಳ. ಸೊಸೆಗೆ ಮನೆ ತುಂಬಿದ ಹಾಗಾಯಿತು.

ಮೆಕ್ಯಾನಿಕ್ ಇನ್ನೂ ಥ್ಯಾಂಕ್ಸ್ ಹೇಳಿರಲಿಲ್ಲ. ಮಳೆ ನಿಂತದ್ದೇ ಅವನು ಉಳಿದರ್ಧ ಗೋಡೆಗೆ ದುಡ್ಡು ಕೇಳಲು ದಿಬ್ಬದ ಮೇಲಿನ ಬೀದಿ ಹತ್ತಿದ. "ನಮ್ಮನೆಗೆ ಸಮುದ್ರ ಬರೋದು ಯಾವ ಕಾಲಕ್ಕೆ?" ಎಂದು ಹೋದ ವರ್ಷ ದುಡ್ಡು ಕೊಡದೆ ನಕ್ಕಿದ್ದವರ ಬೀದಿ ಅದು. ಎರಡು ಮಾತು ಜೋಡಿಸಲು ಬೆವರುವವನು ಪ್ರತಿ ಬಾಗಿಲಲ್ಲೂ ನಿಂತು, ಸಭೆಯಲ್ಲಿ ಹಗ್ಗದಮ್ಮ ಆಡಿದ್ದನ್ನೂ ಆಮೇಲೆ ಆದದ್ದನ್ನೂ ಇದ್ದದ್ದು ಇದ್ದ ಹಾಗೇ ಹೇಳಿದ. ಮೊದಲ ಮನೆಯ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಒಳಗೆ ಬಾರಯ್ಯ, ನಿಂತೇ ಹೇಳ್ತೀಯಲ್ಲ," ಅಂದರು. ಸಂಜೆ ಅವನ ಜೊತೆ ಮೇಷ್ಟ್ರೂ ಬಾಗಿಲು ತಟ್ಟುತ್ತಿದ್ದರು. ಯಾರೂ ಬರಿಗೈಯಲ್ಲಿ ಕಳಿಸಲಿಲ್ಲ.

ಬಿಸಿಲು ಬಲಿತ ಮೇಲೆ ಉತ್ತರದ ತುದಿಗೆ ಕಲ್ಲಿನ ಲಾರಿ ಬಂತು. ಮೊದಲ ಲೋಡು ಇಳಿಯಿತು. ಎರಡನೆಯ ಲಾರಿಗೆ ದಾರಿ ತೋರಿಸುತ್ತ ಹಿಮ್ಮುಖವಾಗಿ ನಡೆಯುತ್ತಿದ್ದ ಮೆಕ್ಯಾನಿಕ್ ತಿರುಗಿ ನೋಡಿದ. ಹಗ್ಗದಮ್ಮ ಚಪ್ಪಲಿ ಕಳಚಿಟ್ಟು, ಆಗಷ್ಟೇ ಕೂರಿಸಿದ ದೊಡ್ಡ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದರು. ನೀರಿನ ಹನಿ ಹಾರಿ ಮುಖಕ್ಕೆ ಬಿದ್ದರೂ ಒರೆಸಿಕೊಳ್ಳುತ್ತಿರಲಿಲ್ಲ.

ಅವನು ಡ್ರೈವರ್‌ಗೆ ಕೈ ಎತ್ತಿ, ಅವರು ಏಳುವ ತನಕ ಎಂಜಿನ್ ಆಫ್ ಮಾಡಲು ಸನ್ನೆ ಮಾಡಿದ.