ಊಟದ ಮನೆಯ ಬಾಗಿಲು

ಧನುಶ್ರೀ ಬರೆದ ಕಾದಂಬರಿಯನ್ನು ಇಬ್ಬರು ಪ್ರಕಾಶಕರು ಬೇಡ ಎಂದಿದ್ದರು. ಮೊದಲನೆಯವರು ಫೋನ್ ಮಾಡಿ, "ಮಕ್ಕಳ ಕಥೆಯಲ್ಲಿ ಇಷ್ಟೊಂದು ರಕ್ತ ಯಾಕಮ್ಮ?" ಎಂದು ಕೇಳಿದರು. ಎರಡನೆಯವರು, "ದೊಡ್ಡವರ ಕಾದಂಬರಿ ಅಂತೀರಿ, ಆದರೆ ಇದರಲ್ಲಿ ಕುದುರೆ ಮಾತಾಡುತ್ತಲ್ಲ?" ಎಂದರು.

ಧನುಶ್ರೀ ಗುಡೇಮಾರನಹಳ್ಳಿಯವಳು. ಮಾಗಡಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಕಾಲೇಜಿನ ದಿನಗಳಿಂದಲೂ ಕೈಗೆ ಸಿಕ್ಕ ಫ್ಯಾಂಟಸಿಯನ್ನೆಲ್ಲ ಓದಿದವಳು. ಅದರಲ್ಲಿ ಎಷ್ಟೊಂದು ಬಗೆಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಮನೆ, ಬೇರೆ ಬೇರೆ ರುಚಿ ಇದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇವರೆಲ್ಲ ಅದನ್ನು ಒಂದೇ ಗಂಟು ಕಟ್ಟಿ 'ಮಕ್ಕಳ ಕಥೆ' ಎಂದು ಮೂಲೆಗೆ ಎಸೆಯುತ್ತಾರಲ್ಲ ಎಂಬುದೇ ಅವಳ ಸಂಕಟ.

ಮಾಗಡಿಯ ಸಾಹಿತ್ಯ ಬಳಗ ಪ್ರತಿವರ್ಷ ಅವರೆಕಾಯಿ ಕಾಲದಲ್ಲಿ ಒಂದು ದಿನದ ಸಮಾವೇಶ ಮಾಡುತ್ತಿತ್ತು. ಬಳಗದ ಅಧ್ಯಕ್ಷರು ಸಿದ್ದರಾಮು ಮೇಷ್ಟ್ರು. ನಿವೃತ್ತ ಕನ್ನಡ ಉಪನ್ಯಾಸಕರು, ಪಿಯುಸಿಯಲ್ಲಿ ಧನುಶ್ರೀಗೆ ಹಳಗನ್ನಡ ಕಲಿಸಿದವರು. ಫ್ಯಾಂಟಸಿ ಬಗ್ಗೆ ಮಾತಾಡಲು ಒಂದು ಅವಕಾಶ ಕೊಡಿ ಎಂದು ಅವಳು ಕೇಳಿದಾಗಲೆಲ್ಲ ಅವರು, "ನೋಡೋಣಮ್ಮ" ಎಂದು ನಗುತ್ತಿದ್ದರು. ಈ ಸಲ ಭಾಷಣಕಾರರೊಬ್ಬರಿಗೆ ಜ್ವರ ಬಂತು. ಸಮಾವೇಶಕ್ಕೆ ಎರಡೇ ದಿನ ಇರುವಾಗ ಮೇಷ್ಟ್ರು ಫೋನ್ ಮಾಡಿದರು.

"ಊಟಕ್ಕೆ ಮುಂಚೆ ಹದಿನೈದು ನಿಮಿಷ ಇದೆ. ಅದೇನೋ ನಿನ್ನ ಮಾಯಾಮಂತ್ರದ ವಿಷಯ ಹೇಳ್ತಿದ್ದೆಯಲ್ಲ, ಅದನ್ನೇ ಮಾತಾಡು."

ಧನುಶ್ರೀ ಆ ಎರಡು ದಿನ ಕೂತು ಪ್ರಬಂಧ ಬರೆದಳು. ಎಂ.ಎ.ಯಲ್ಲಿ ಅವಳ ಜೊತೆ ಓದಿದ್ದ ನಿಖಾತ್ ಅದನ್ನು ಕೇಳಲೆಂದೇ ಚನ್ನಪಟ್ಟಣದಿಂದ ಬಂದಳು. ಅವಳ ಮನೆಯವರು ಗೊಂಬೆ ಮಾಡುವವರು. ಹೊಸ ಗೊಂಬೆಗಳ ಚಿತ್ರ ಬರೆಯುವುದು ನಿಖಾತಳ ಕೆಲಸ. ಜಗಲಿಯ ಮೇಲೆ ಕೂತು ಕೇಳಿದವಳು ಅರ್ಧಕ್ಕೇ ಆಕಳಿಸಿದಳು.

"ಧನು, ಕೋಪ ಮಾಡ್ಕೋಬೇಡ. ಇದರಲ್ಲಿ ಎಲ್ಲ ಇದೆ. ನೀನು ಮಾತ್ರ ಇಲ್ಲ."

"ವಿಚಾರ ಹೇಳೋಕೆ ಕರೆದಿದ್ದಾರೆ ಕಣೇ. ಕುಣಿಯೋಕಲ್ಲ."

ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಕೈ ಒರೆಸಿಕೊಂಡು ಬಂದ ಧನುಶ್ರೀಯ ಅಪ್ಪ ಚನ್ನಯ್ಯ, "ನಾನೂ ಬತ್ತೀನಿ ಕಣವ್ವಾ, ಹಿಂದ್ಗಡೆ ಕುಂತ್ಕೋತೀನಿ" ಎಂದರು. ಮಗಳು ಮೈಕಿನ ಮುಂದೆ ನಿಲ್ಲುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಸಮಾವೇಶದ ದಿನ ಸಮುದಾಯ ಭವನ ತುಂಬಿತ್ತು. ಆದರೆ ಯಾವ ಸಭೆ ಹೊತ್ತಿಗೆ ಸರಿಯಾಗಿ ನಡೆದಿದೆ? ಉದ್ಘಾಟನೆ ಎಳೆಯಿತು, ಸನ್ಮಾನ ಎಳೆಯಿತು, ಬೆಳಗಿನ ಗೋಷ್ಠಿ ಇನ್ನೂ ಎಳೆಯಿತು. ಧನುಶ್ರೀಯ ಸರದಿ ಬಂದಾಗ ಎರಡು ಗಂಟೆಯ ಹತ್ತಿರ. ವೇದಿಕೆಯ ಪಕ್ಕದಲ್ಲೇ ಊಟದ ಮನೆಗೆ ಹೋಗುವ ದೊಡ್ಡ ಮರದ ಬಾಗಿಲು. ಅದರ ಸಂದಿನಿಂದ ಹಿದಕಿದ ಬೇಳೆ ಸಾರಿನ ವಾಸನೆ ಬಂದು ಇಡೀ ಸಭೆಯನ್ನು ಆವರಿಸಿತ್ತು.

ಸಿದ್ದರಾಮು ಮೇಷ್ಟ್ರು ಗಡಿಯಾರ ನೋಡಿಕೊಂಡು ಹೇಳಿದರು: "ಈಗ ನಮ್ಮ ಶಿಷ್ಯೆ ಧನುಶ್ರೀ ಅವರು ಅಜ್ಜಿಕಥೆಗಳ ಬಗ್ಗೆ ಚುಟುಕಾಗಿ ನಾಲ್ಕು ಮಾತಾಡ್ತಾರೆ."

ಅಜ್ಜಿಕಥೆ ಎಂಬ ಮಾತಿಗೇ ಹಿಂದಿನ ಎರಡು ಸಾಲು ಎದ್ದವು. ಧನುಶ್ರೀ ಮೈಕಿನ ಮುಂದೆ ಬಂದು ಓದತೊಡಗಿದಳು: "ಫ್ಯಾಂಟಸಿ ಸಾಹಿತ್ಯವನ್ನು ಅದರ ಲೋಕನಿರ್ಮಿತಿಯ ಆಧಾರದ ಮೇಲೆ..." ಕುರ್ಚಿಗಳು ಕಿರುಗುಟ್ಟಿದವು. ಯಾರೋ ಚಪ್ಪಲಿ ಹುಡುಕುತ್ತಿದ್ದರು.

"ಮೇಡಂ, ಊಟಕ್ಕೆ ಬುಡಿ! ಮುದ್ದೆ ಆರೋಯ್ತದೆ!" ಎಂದು ಒಬ್ಬ ಕೂಗಿದ. ಸಭೆಯೆಲ್ಲ ನಕ್ಕಿತು.

ಕೂಗಿದವನು ಲೋಕೇಶ, ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟವನು, ಧನುಶ್ರೀಗೆ ಮುಖಪರಿಚಯ ಇದ್ದವನು. ಕೂಗಿ ಸುಮ್ಮನಿರದೆ ಅವನು ನೇರ ನಡೆದುಬಂದು ಊಟದ ಮನೆಯ ಚಿಲಕಕ್ಕೆ ಕೈ ಹಾಕಿದ. ಧನುಶ್ರೀಗೆ ಅಳು ಬರುವ ಹಾಗಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮಾತು ಹೊರಟಿತು.

"ಅಣ್ಣಾ, ಆ ಬಾಗಿಲು ತೆಗೀಬೇಡಿ!"

ದನಿ ಎಷ್ಟು ಜೋರಾಗಿತ್ತೆಂದರೆ ಲೋಕೇಶನ ಕೈ ಹಾಗೇ ನಿಂತಿತು. "ಯಾಕೆ ಮೇಡಂ?"

"ಆಚೆ ಕಡೆ ಊಟದ ಮನೆ ಇಲ್ಲ."

"ಇನ್ನೇನೈತೆ?"

ಧನುಶ್ರೀಗೂ ಗೊತ್ತಿರಲಿಲ್ಲ. ಆದರೆ ಅವನು ಕೇಳಿದ್ದ, ಇಡೀ ಸಭೆ ಅವಳ ಮುಖ ನೋಡುತ್ತಿತ್ತು. ಎದ್ದವರು ಎದ್ದಲ್ಲೇ ನಿಂತಿದ್ದರು.

"ಕಾಡು" ಎಂದಳು. "ಮರ ಎಲ್ಲ ಬೆಳ್ಳಿ ಬಣ್ಣ. ಆಕಾಶದಲ್ಲಿ ಎರಡು ಸೂರ್ಯ. ನೀವು ಕಾಲಿಟ್ಟ ತಕ್ಷಣ ಬಾಗಿಲು ಮಾಯ. ಅಲ್ಲಿಯ ಜನ ಬಂದು ನಿಮ್ಮ ಕಾಲಿಗೆ ಬೀಳ್ತಾರೆ. ನಮ್ಮ ರಾಜ ಬಂದ ಅಂತಾರೆ. ಲೋಕೇಶಣ್ಣ ಅಲ್ಲಿ ರಾಜ!"

"ಓಹೋ!" ಎಂದು ಲೋಕೇಶನ ಗೆಳೆಯರು ಶಿಳ್ಳೆ ಹೊಡೆದರು. ಅವನು ನಾಚಿಕೊಂಡು ಚಿಲಕ ಬಿಟ್ಟ.

"ಇದು ಫ್ಯಾಂಟಸಿಯಲ್ಲಿ ಒಂದು ಬಗೆ" ಎಂದಳು ಧನುಶ್ರೀ. "ನಮ್ಮ ನಿಮ್ಮಂಥವರು ಒಂದು ಬಾಗಿಲು ದಾಟಿ ಬೇರೆ ಲೋಕಕ್ಕೆ ಹೋಗೋದು. ಈಗ ಅದೇ ಬಾಗಿಲನ್ನ ಆ ಕಡೆಯಿಂದ ತೆಗೆದರೆ? ಬೆಳ್ಳಿ ಕಾಡಿನ ಜನ ಈ ಕಡೆ ಬಂದರೆ? ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಅಂಗಡಿಗೆ ಒಬ್ಬ ಮಾಂತ್ರಿಕ ಬಂದು, ನನ್ನ ಮಂತ್ರದಂಡ ಚಾರ್ಜ್ ಆಗ್ತಿಲ್ಲ, ಒಸಿ ನೋಡು ಅಂದರೆ? ಅದು ಇನ್ನೊಂದು ಬಗೆ. ಅದರಲ್ಲಿ ನಾವು ಎಲ್ಲಿಗೂ ಹೋಗಬೇಕಾದ್ದೇ ಇಲ್ಲ. ಮಾಯೆ ನಮ್ಮ ಊರಿನ ಬೀದೀಲೇ ತಿರುಗುತ್ತೆ."

ಈ ಸಲದ ನಗು ಬೇರೆ ಥರದ್ದು. ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ಕಾಲೇಜು ಹುಡುಗಿಯರ ಸಾಲಿನಿಂದ ಭಾನುಪ್ರಿಯ ಎಂಬುವಳು ಎದ್ದು, "ಮಿಸ್, ಯುದ್ಧ ಇರೋದು ಹೇಳಿ!" ಎಂದಳು.

ಧನುಶ್ರೀ ಯುದ್ಧ ಹೇಳಿದಳು. ಆ ಕಥೆಯಲ್ಲಿ ಮಾಗಡಿಯೂ ಇಲ್ಲ, ಲೋಕೇಶನೂ ಇಲ್ಲ. ಅದು ತನ್ನದೇ ನದಿ, ತನ್ನದೇ ಭಾಷೆ, ತನ್ನದೇ ದೇವರುಗಳಿದ್ದ ಒಂದು ನೆಲ. ರಾಮನಗರದ ಬೆಟ್ಟಗಳಂಥ ಬಂಡೆಗಳು ಅಲ್ಲಿ ಮಲಗಿದ್ದ ರಾಕ್ಷಸರ ಬೆನ್ನು. ಅಲ್ಲಿಯ ಎರಡು ರಾಜ್ಯಗಳ ನಡುವೆ ಏಳು ತಲೆಮಾರಿನ ವೈರ ಇತ್ತು. ಆ ಬಂಡೆಗಳು ಏಳುವ ದಿನ ಎರಡೂ ಸೈನ್ಯಗಳು ಆ ವೈರ ಮರೆತು ಒಟ್ಟಿಗೆ ಕತ್ತಿ ಹಿರಿದವು. ಮೊದಲ ಬಂಡೆ ಮೈ ಮುರಿದು ಎದ್ದು ನಿಲ್ಲುವುದನ್ನು ಅವಳು ಎರಡೂ ಕೈ ಎತ್ತಿ ತೋರಿಸಿದಾಗ ಮುಂದಿನ ಸಾಲಿನವರು ಕುರ್ಚಿಗೆ ಒತ್ತಿಕೊಂಡರು. ತನ್ನ ದನಿ ಯಾವಾಗ ಸರಿಹೋಯಿತೆಂದು ಅವಳಿಗೇ ತಿಳಿಯಲಿಲ್ಲ. ಹಿಂದೆ ನಿಂತಿದ್ದ ನಿಖಾತ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಚನ್ನಯ್ಯ ಪಕ್ಕದವರಿಗೆ, "ನನ್ ಮಗಳು ಕಣ್ರೀ" ಎನ್ನುತ್ತಿದ್ದರು.

"ಅಯ್ಯೋ, ಬರೀ ಹೊಡೆದಾಟವೇನಾ?" ಎಂದರು ಮಹಿಳಾ ಸಂಘದ ಅಂಬುಜಮ್ಮ. "ಜಗಳ ಇಲ್ದಿರೋದು ಯಾವ್ದೂ ಇಲ್ವಾ ಮಗಾ?"

"ಯಾಕಿಲ್ಲಮ್ಮಾ? ಬೆಚ್ಚಗೆ ಹೊದ್ದು ಕೂತು ಓದೋ ಅಂಥದ್ದೂ ಇದೆ. ಬಿಡದಿಯಲ್ಲಿ ಒಂದು ಮುದಿ ಡ್ರ್ಯಾಗನ್ ಇದೆ ಅನ್ಕೊಳ್ಳಿ. ಬೆಂಕಿ ಉಗುಳೋ, ರೆಕ್ಕೆ ಇರೋ ಹಾವಿನಂಥ ಪ್ರಾಣಿ. ಅದಕ್ಕೆ ಯುದ್ಧ ಸಾಕಾಗಿದೆ. ತಟ್ಟೆ ಇಡ್ಲಿ ಹೋಟೆಲ್ ಇಟ್ಟಿದೆ. ಗ್ಯಾಸ್ ಖರ್ಚಿಲ್ಲ, ಉಸಿರು ಬಿಟ್ಟರೆ ಇಡ್ಲಿ ಬೆಂದುಹೋಯ್ತು. ಅದರ ಒಂದೇ ಚಿಂತೆ ಅಂದರೆ, ಸೀನು ಬಂದರೆ ಇಡ್ಲಿ ಸೀದುಹೋಗುತ್ತೆ."

ಅಂಬುಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಆ ನಗು ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಮರದ ಬಾಗಿಲು ಆಚೆಯಿಂದ ಧಡಾರನೆ ತೆರೆಯಿತು. ಹಬೆಯ ಮಧ್ಯೆ ದೊಡ್ಡ ಸೌಟು ಹಿಡಿದ ಒಬ್ಬ ಮನುಷ್ಯ ನಿಂತಿದ್ದ. ಅಡುಗೆಯ ಚೆಲುವಯ್ಯ.

"ಏನ್ರಪ್ಪಾ, ಯಾರೂ ಉಣ್ಣಾಕೆ ಬರಾಕಿಲ್ವಾ?"

ಸಭೆ ಒಂದು ಗಳಿಗೆ ದಂಗಾಗಿ ಕೂತು, ಆಮೇಲೆ ಛಾವಣಿ ಹಾರಿಹೋಗುವಂತೆ ನಕ್ಕಿತು. "ಮಾಂತ್ರಿಕ ಬಂದ! ಮಂತ್ರದಂಡ ನೋಡ್ಲಾ!" ಎಂದು ಲೋಕೇಶ ಕಿರುಚಿದ. ಚೆಲುವಯ್ಯನಿಗೆ ತಲೆಬುಡ ಅರ್ಥವಾಗಲಿಲ್ಲ. ಧನುಶ್ರೀ ಮೈಕಿನಲ್ಲೇ, "ಬನ್ನಿ ಚೆಲುವಯ್ಯನೋರೇ, ನಿಮ್ಮ ಕಥೇನೇ ನಡೀತಿದೆ. ಇಂಥ ನಗುವಿನದ್ದೇ ಒಂದು ಬಗೆ ಇದೆ" ಎಂದಳು. ಅವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಒರಗಿ ನಿಂತರು.

ವೇದಿಕೆಯ ಮೇಲೆ ಸಿದ್ದರಾಮು ಮೇಷ್ಟ್ರು ಮಾತ್ರ ನಕ್ಕಿರಲಿಲ್ಲ. ಅವರು ತಮ್ಮ ಮೈಕನ್ನು ಹತ್ತಿರ ಎಳೆದುಕೊಂಡರು.

"ಚೆನ್ನಾಗಿ ನಗಿಸಿದೆಯಮ್ಮ. ನಾನು ಕೇಳೋದು ಇಷ್ಟೇ. ಸಾಹಿತ್ಯ ಅಂದರೆ ಮನುಷ್ಯನ ಕಷ್ಟ ಸುಖ. ಇದರಲ್ಲಿ ಅದೆಲ್ಲಿದೆ?"

ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳಿದ್ದರು. ಧನುಶ್ರೀ ಲೋಕೇಶನ ಕಡೆ ತಿರುಗಿದಳು.

"ಅಣ್ಣಾ, ನಿಮಗೆ ಮಕ್ಕಳಿದ್ದಾರಾ?"

"ಒಬ್ಳು ಮಗಳವ್ಳೆ ಮೇಡಂ. ಮೂರು ವರ್ಸ."

"ನೀವು ಆ ಬಾಗಿಲು ದಾಟಿ ಹೋದಿರಿ. ರಾಜ ಆಗಲಿಲ್ಲ. ಸುಮ್ಮನೆ ಒಂದು ಹೊತ್ತಿನ ಊಟ ಮಾಡಿದಿರಿ. ಮಗಳು ಕಾಯ್ತಾಳೆ ಅಂತ ಕೈ ತೊಳೆದು ವಾಪಸ್ಸು ಬಂದಿರಿ. ಬಂದರೆ ಈ ಭವನ ಇಲ್ಲ. ನಿಮ್ಮ ಅಂಗಡಿ ಇದ್ದ ಕಡೆ ಬೇರೆ ಏನೋ ಇದೆ. ದಾರಿಯಲ್ಲಿ ಒಂದು ಮುಖವೂ ಗುರುತಿಲ್ಲ. ಹೇಗೋ ಮನೆ ಹುಡುಕಿ ಬಾಗಿಲು ತಟ್ಟಿದಿರಿ. ಅರವತ್ತು ದಾಟಿದ ಹೆಂಗಸೊಬ್ಬಳು ಬಾಗಿಲು ತೆಗೆದಳು. ನೀವು, ಅಮ್ಮಾ, ಈ ಮನೇಲಿ ನನ್ನ ಮಗಳಿದ್ದಳು ಅಂದಿರಿ. ಅವಳು ನಿಮ್ಮನ್ನೇ ನೋಡಿದಳು. ಗೋಡೆ ಮೇಲೆ ಹಾರ ಹಾಕಿದ್ದ ಒಂದು ಫೋಟೋ ನೋಡಿದಳು. ಮತ್ತೆ ನಿಮ್ಮನ್ನ ನೋಡಿದಳು."

ಅವಳು ನಿಲ್ಲಿಸಿದಳು. ಲೋಕೇಶ ಕೈ ಕಟ್ಟಿಕೊಂಡು ನಿಂತವನು ಕೆಳಗೆ ನೋಡುತ್ತಿದ್ದ.

"ನನ್ನ ಸಮಯ ಮುಗೀತು ಸರ್" ಎಂದು ಧನುಶ್ರೀ ಮೈಕಿನಿಂದ ಹಿಂದೆ ಸರಿದಳು.

"ಆಮೇಲೆ?"

ಕೇಳಿದವರು ಸಿದ್ದರಾಮು ಮೇಷ್ಟ್ರು. ಕುರ್ಚಿಯ ತುದಿಗೆ ಬಂದು, ಮೇಜಿನ ಮೇಲೆ ಎರಡೂ ಕೈ ಊರಿದ್ದರು. ತಾವು ಅಧ್ಯಕ್ಷರು ಎಂಬುದು ಅವರಿಗೆ ಮರೆತೇ ಹೋಗಿತ್ತು. "ಆಮೇಲೆ ಏನಾಯ್ತಮ್ಮಾ?"

ಧನುಶ್ರೀ ಮೇಷ್ಟ್ರ ಕಡೆಗೇ ತಿರುಗಿ ಮೆಲ್ಲಗೆ ಹೇಳಿದಳು: "ಅವಳು ಅಪ್ಪನ ಕೈ ಹಿಡಿದು ಒಳಗೆ ಕರಕೊಂಡು ಹೋದಳು ಸರ್. ಅವನಿಗಿಂತ ಅವಳೇ ದೊಡ್ಡವಳಾಗಿದ್ದಳಲ್ಲ. ತಲೆ ಸವರಿ, 'ಎಷ್ಟು ಹೊತ್ತು ಮಾಡಿದೆ ಮಗಾ' ಅಂದಳು."

ಮೇಷ್ಟ್ರು ಕನ್ನಡಕ ತೆಗೆದರು. ಮೊದಲು ಚಪ್ಪಾಳೆ ತಟ್ಟಿದ್ದು ಅವರೇ. ಆಮೇಲೆ ಇಡೀ ಭವನ ತಟ್ಟಿತು. ಚೆಲುವಯ್ಯ ಸೌಟಿನಿಂದ ಬಾಗಿಲಿಗೆ ಬಡಿದರು. ಲೋಕೇಶ ಕಣ್ಣು ಉಜ್ಜಿಕೊಳ್ಳುತ್ತ ಹೆಂಡತಿಗೆ ಫೋನ್ ಮಾಡಿ, "ಪಾಪು ಏನ್ ಮಾಡ್ತಾವ್ಳೆ? ಫೋನ್ ಕೊಡು ಅವ್ಳಿಗೆ" ಎನ್ನುತ್ತಿದ್ದ. ಮೇಷ್ಟ್ರು ಮೈಕ್ ಹಿಡಿದು ಹೇಳಿದ್ದು ಎರಡೇ ಮಾತು: "ಅಜ್ಜಿಕಥೆ ಅಂತ ಹಗುರವಾಗಿ ಅಂದೆ. ಆ ಮಾತನ್ನ ವಾಪಸ್ಸು ತಗೋತೀನಿ. ಊಟ ಆದ ಮೇಲೆ ಇದೇ ಗೋಷ್ಠಿ ಮುಂದುವರಿಯುತ್ತೆ."

ಮುಂದುವರಿಯಿತು ಕೂಡ. ಮಧ್ಯಾಹ್ನದ ಕವಿಗೋಷ್ಠಿಯವರೇ ಒಂದು ಗಂಟೆ ಬಿಟ್ಟುಕೊಟ್ಟರು. ಸಭಿಕರು ಪ್ರೀತಿಯ ಫ್ಯಾಂಟಸಿ ಬೇಕೆಂದರು, ಪುರಾಣವನ್ನು ಹೊಸದಾಗಿ ಹೇಳುವುದು ಬೇಕೆಂದರು, ದೆವ್ವ ಇರುವುದು ಬೇಕೆಂದರು. ಧನುಶ್ರೀ ದಣಿಯಲಿಲ್ಲ.

ಅದಕ್ಕೂ ಮುಂಚೆ ಊಟದ ಪಂಕ್ತಿಯಲ್ಲಿ ಅವಳ ಪಕ್ಕದಲ್ಲಿ ಕೂತಿದ್ದವರು ಮನೋಹರ್, ಬೆಂಗಳೂರಿನ ಒಂದು ಸಣ್ಣ ಪ್ರಕಾಶನದ ಸಂಪಾದಕರು. ಬೆಳಗಿನ ಗೋಷ್ಠಿಗೆಂದು ಬಂದವರು ಹೋಗದೆ ಉಳಿದಿದ್ದರು.

"ನೀವು ಕಾದಂಬರಿ ಬರೆದಿದ್ದೀರಂತೆ?"

"ಬರೆದಿದ್ದೀನಿ ಸರ್. ಮೊದಲೇ ಹೇಳಿಬಿಡ್ತೀನಿ. ಅದರಲ್ಲಿ ರಕ್ತ ಇದೆ. ಕುದುರೆ ಮಾತಾಡುತ್ತೆ."

"ಹೌದಾ? ಏನಂತ ಮಾತಾಡುತ್ತೆ?" ಎಂದು ಕೇಳಿದರು ಮನೋಹರ್.

ಮುದ್ದೆ ಮುರಿಯುವುದನ್ನು ಬಿಟ್ಟು ಧನುಶ್ರೀ ಹೇಳತೊಡಗಿದಳು. ಆ ಕಾದಂಬರಿ ಮುಂದಿನ ವರ್ಷ ಅಚ್ಚಾಯಿತು. ಮುಖಪುಟದ ಚಿತ್ರ ನಿಖಾತಳದು.

ಸಮಾವೇಶದ ದಿನ ಸಂಜೆ ಅಪ್ಪ ಮಗಳು ಊರಿನ ಬಸ್ಸು ಹತ್ತಿದರು. ಕೂರಲು ಒಂದೇ ಸೀಟು ಸಿಕ್ಕಿತು. ಚನ್ನಯ್ಯ ಮಗಳನ್ನು ಕೂರಿಸಿ ತಾವು ಕಂಬಿ ಹಿಡಿದು ನಿಂತರು. ಬಸ್ಸು ಮಾಗಡಿ ದಾಟುವ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದವರಿಗೆ ಕಥೆ ಹೇಳಲು ಶುರುಮಾಡಿಬಿಟ್ಟಿದ್ದರು.

"ಒಂದ್ ಬಾಗ್ಲಂತೆ. ಅದ್ರಾಚೆ ಬೆಳ್ಳಿ ಕಾಡಂತೆ. ಅಲ್ಲಿ ಒಬ್ಬ ಕುರಿ ಹೊಡ್ಕೊಂಡು ಹೋದ್ನಂತೆ..."

"ಅಪ್ಪಾ, ಕುರಿ ಇರಲಿಲ್ಲ" ಎಂದಳು ಧನುಶ್ರೀ.

"ನೀನ್ ಸುಮ್ಕಿರವ್ವಾ. ನನ್ ಕತೇಲಿ ಅವೆ" ಎಂದರು ಚನ್ನಯ್ಯ.

ಮುಂದಿನ ಸೀಟಿನ ಇಬ್ಬರು ತಿರುಗಿ ಕೂತರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್, "ಎಷ್ಟು ಕುರಿ ಯಜಮಾನ್ರೇ?" ಎಂದ. ಚನ್ನಯ್ಯ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯನ್ನು ಗಾಳಿಯಲ್ಲಿ ಅಗಲವಾಗಿ ಚಾಚಿ ಮಂದೆಯನ್ನು ತೋರಿಸಿದರು. ಧನುಶ್ರೀ ಕಿಟಕಿಗೆ ಒರಗಿ, ಎಲ್ಲರ ಜೊತೆ ತಾನೂ ಕೇಳುತ್ತ ಕೂತಳು.