ನಮ್ಮ ಮೇಲೆ ಯಾರೂ ಕೇಸು ಹಾಕುವಂತಿಲ್ಲ

"ಅಂಗಸ್ ನುಂಗೋ ಮಾತ್ರೆ ಇನ್ಮೇಲೆ ನಮ್ದೇ ಕಣೇ!"

"ನಮ್ದು ಅಂದ್ರೆ?"

"ನಮ್ದು ಅಂದ್ರೆ ನಮ್ದು. ಅದರ ಪೇಟೆಂಟ್ ಕೌನ್ಸಿಲ್ ಹೆಸರಿಗೆ ಬಂತು. ಕಾಗದನ ನಾನೇ ಝೆರಾಕ್ಸ್ ಮಾಡ್ದೆ."

ಡೆಲ್ಫೀನ್ ನನ್ನ ಚಿಕ್ಕಮ್ಮನ ಮಗಳು. ನಮ್ಮ ಮೂಲನಿವಾಸಿ ಬುಡಕಟ್ಟಿನ ಆಡಳಿತ ನಡೆಸುವ ಕೌನ್ಸಿಲ್ ಆಫೀಸಿನ ಮುಂದಿನ ಮೇಜಿನಲ್ಲಿ ಕೂರುತ್ತಾಳೆ. ಬೂಟನ್ನೂ ಬಿಚ್ಚದೆ ನೇರ ಅಡುಗೆಮನೆಗೆ ನುಗ್ಗಿ, ಮೆಕ್ಕೆಜೋಳದ ಸೂಪಿನ ಪಾತ್ರೆಯ ಮುಚ್ಚಳ ಎತ್ತಿಕೊಂಡೇ ಇಷ್ಟೂ ಹೇಳಿದಳು.

"ಹಾಗಾದ್ರೆ ಡಬ್ಬಿ ಮೇಲೆ ನನ್ ಫೋಟೋ ಹಾಕ್ಸು," ಎಂದ ಸೋಫಾದಿಂದ ಅಂಗಸ್. "ಈ ಕಡೆ ಮುಖದ್ದು. ಆ ಕಡೆ ಹೊಲಿಗೆ ಇದೆ."

ನಾನು ನಕ್ಕುಬಿಟ್ಟೆ. ಡೆಲ್ಫೀನ್ ನಗಲಿಲ್ಲ.

ಅಂಗಸ್ ನನ್ನ ಅಣ್ಣ. ನಗರದಲ್ಲಿ ಕಟ್ಟಡ ಕಟ್ಟುವ ಕೆಲಸಕ್ಕಿದ್ದು, ನಲವತ್ತನೇ ಮಹಡಿಯ ಕಬ್ಬಿಣದ ತೊಲೆ ಮೇಲೆ ಬೀದಿಯಲ್ಲಿ ನಡೆದ ಹಾಗೆ ನಡೆಯುತ್ತಿದ್ದವನು. ಮೂರು ವರ್ಷದ ಹಿಂದೆ ಫಿಟ್ಸ್ ಶುರುವಾಯಿತು. ಹತ್ತು ಬಗೆಯ ಔಷಧಿ ಸೋತ ಮೇಲೆ ಈ ಮಾತ್ರೆ ಹಿಡಿಯಿತು. ಬೆಲೆ ಕೇಳಿದರೆ ಆರೋಗ್ಯವಂತರಿಗೂ ಫಿಟ್ಸ್ ಬರಬೇಕು. ನಮ್ಮ ಕ್ಲಿನಿಕ್ಕಿನ ನರ್ಸ್, "ಚಳಿಗಾಲದೊಳಗೆ ಬೇರೆ ಕಂಪನಿದು ಅಗ್ಗದ್ದು ಬರುತ್ತೆ, ಅಲ್ಲೀವರೆಗೆ ಹೇಗೋ ತಳ್ಳೋಣ," ಎಂದಿದ್ದಳು. ಕ್ಲಿನಿಕ್ಕಿನ ದಾಸ್ತಾನು ಈ ತಿಂಗಳಿಗೆ ಮುಗಿಯುತ್ತದೆ.

"ಆ ಅಗ್ಗದ ಕಂಪನಿ ಇದೆಯಲ್ಲ," ಎಂದಳು ಡೆಲ್ಫೀನ್, "ಈ ಪೇಟೆಂಟೇ ಸರಿ ಇಲ್ಲ, ರದ್ದು ಮಾಡಿ ಅಂತ ದೂರು ಕೊಟ್ಟಿತ್ತು. ಮುಂದಿನ ವಾರ ವಿಚಾರಣೆ ಇತ್ತು. ಈಗ ಮಾಲೀಕರು ನಾವು. ಕಾನೂನಿನ ಲೆಕ್ಕದಲ್ಲಿ ನಮ್ಮ ಬುಡಕಟ್ಟು ಬೇರೆ ರಾಷ್ಟ್ರ. ನಮ್ಮನ್ನ ಕೇಳದೆ ಯಾರೂ ನಮ್ಮನ್ನ ಕಟಕಟೆಗೆ ಎಳೆಯೋ ಹಾಗಿಲ್ಲ. ವಿಚಾರಣೆ ನಿಂತೋಯ್ತು."

"ಮತ್ತೆ ಮಾತ್ರೆ ಯಾರು ಮಾಡ್ತಾರೆ?"

"ಇಷ್ಟು ದಿನ ಮಾಡ್ತಿದ್ದ ದೊಡ್ಡ ಕಂಪನಿಯವರೇ. ಮಾರೋದೂ ಅವರೇ, ಬೆಲೆ ಕಟ್ಟೋದೂ ಅವರೇ. ನಾವು ಪೇಟೆಂಟ್ ಇಟ್ಕೊಂಡು ಅವರಿಗೇ ಬಾಡಿಗೆಗೆ ಕೊಡ್ತೀವಿ. ವರ್ಷ ವರ್ಷ ದುಡ್ಡು ಬರುತ್ತೆ."

"ಅಂದ್ರೆ ನಮ್ಮ ಬೇಲಿ ಹಿಂದೆ ಬಚ್ಚಿಟ್ಕೊಂಡ್ರು."

"ಹೂಂ. ಅಗ್ಗದ್ದು ಈ ಚಳಿಗಾಲಕ್ಕಲ್ಲ, ಯಾವ ಚಳಿಗಾಲಕ್ಕೂ ಬರೋದು ಡೌಟು."

ಅಂಗಸ್ ಟಿವಿಯ ಸದ್ದು ಕಡಿಮೆ ಮಾಡಿದ.

ಕಿಟಕಿಯ ಹತ್ತಿರ ಮೆಕ್ಕೆಜೋಳದ ತೆನೆಗಳನ್ನು ಜಡೆಯಾಗಿ ಹೆಣೆಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಕೇಳಿದರು, "ಇದಕ್ಕೆ ಒಪ್ಪಿದ್ದು ಯಾರು?"

ಡೆಲ್ಫೀನ್ ನನ್ನ ಮುಖ ನೋಡಿದಳು. ನಾನು ಸೂಪು ನೋಡಿದೆ.

"ಆಗಸ್ಟಿನಲ್ಲಿ ಓಟಿಗೆ ಹಾಕಿದ್ರಲ್ಲ ಅಜ್ಜಿ. 'ನಮ್ಮ ಭಾಷೆಯ ಶಾಲೆಗೆ ಹೊಸ ಆದಾಯ' ಅಂತ. ಅದೇ ಇದು. ಹತ್ತೊಂಬತ್ತೇ ಓಟಿನ ಅಂತರದಲ್ಲಿ ಪಾಸಾಯ್ತು."

ಅಜ್ಜಿ ನಮ್ಮ ಕುಲದ ತಾಯಿ. ಹಳೆಯ ಪದ್ಧತಿಯಲ್ಲಿ ನಮ್ಮ ಮುಖ್ಯಸ್ಥರನ್ನು ಆರಿಸುವುದು, ತಪ್ಪಿದರೆ ಇಳಿಸುವುದು ಅವರ ಅಧಿಕಾರ. ಓಟಿನ ಪೆಟ್ಟಿಗೆ, ಅದರಿಂದ ಆಯ್ಕೆಯಾಗುವ ಕೌನ್ಸಿಲ್, ಎರಡೂ ಹೊರಗಿನ ಸರ್ಕಾರ ನಮ್ಮ ಆ ಪದ್ಧತಿಯನ್ನು ಮುರಿಯಲು ತಂದಿಟ್ಟದ್ದು. ಆದ್ದರಿಂದ ಹಳೆಯ ದಾರಿಯ ಮನೆಗಳವರು ಆ ಪೆಟ್ಟಿಗೆಗೆ ಚೀಟಿ ಹಾಕುವುದಿಲ್ಲ. ಹಾಕಿದರೆ ಅದನ್ನು ಒಪ್ಪಿದಂತೆ. ಆಗಸ್ಟಿನ ಆ ದಿನ ನಾನು ಸಾಲಿನಲ್ಲಿ ನಿಂತಿದ್ದೆ. ಅಜ್ಜಿಯ ಟ್ರಕ್ಕು ಬಂದು ನಿಂತಿತು. ಬೈಯಲಿಲ್ಲ, ಬರೀ ಬಾಗಿಲು ತೆರೆದರು. ನಾನು ಹತ್ತಿ ಕೂತೆ. ನಮ್ಮ ರಸ್ತೆಯೊಂದರಲ್ಲೇ ಅಂಥ ನಲವತ್ತು ಮನೆಗಳಿವೆ.

ಈ ಲೆಕ್ಕ ಅಲ್ಲಿದ್ದ ಎಲ್ಲರಿಗೂ ಬರುತ್ತಿತ್ತು. ಅಜ್ಜಿ ತೆನೆಯ ಒಣಸಿಪ್ಪೆಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು.

"ಕೌನ್ಸಿಲ್ ಮೇಲೆ ಕೇಸು ಹಾಕೋಣ. ನಾವೇ," ಎಂದೆ.

"ಯಾರೂ ಹಾಕೋ ಹಾಗಿಲ್ಲ ಅಂದ್ರೆ ನೀನೂ ಹಾಕೋ ಹಾಗಿಲ್ಲ ಪೆದ್ದಿ. ಬೇಲಿ ಒಳಗಿನವರಿಗೂ ಅದೇ ಬೇಲಿ."

"ಹಾಗಾದ್ರೆ ಆ ಅಗ್ಗದ ಕಂಪನಿನೇ ಗೆಲ್ಲಲಿ! ಇವರಿಗೆ ಅಂಥ ಹಕ್ಕೇ ಇಲ್ಲ, ಇವರದು ರಾಷ್ಟ್ರನೂ ಅಲ್ಲ ಏನೂ ಅಲ್ಲ ಅಂತ ಜಡ್ಜು ಬರೀಲಿ, ಮುಗೀತು!"

ಹೇಳಿದ ಮೇಲೆ ನಾನು ಏನಂದೆ ಎಂದು ನನಗೇ ಗೊತ್ತಾಯಿತು. ಅಜ್ಜಿಯ ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಪ್ರಾಯದಲ್ಲಿ ಸೇತುವೆಗೆ ಅಡ್ಡ ಮಲಗಿದ್ದಾಗ ಪೊಲೀಸರು ಅದನ್ನೇ ಹಿಡಿದು ಎಳೆದಿದ್ದರು. ಇದು ನಮ್ಮ ನೆಲ, ಇಲ್ಲಿ ನಿಮ್ಮ ಕಾನೂನು ನಡೆಯದು ಎಂದು ಅವರು ಮಲಗಿದ್ದು. ಅದೇ ಹಕ್ಕನ್ನು ಕೌನ್ಸಿಲ್ ಬಾಡಿಗೆಗೆ ಬಿಟ್ಟಿತ್ತು, ಅದೇ ಹಕ್ಕು ಹಾಳಾಗಲಿ ಎಂದು ನಾನು ಹಾರೈಸಿದ್ದೆ.

"ಅದು ಹೋದ್ರೆ ನದಿನೂ ಹೋಗುತ್ತೆ, ನೆಲನೂ ಹೋಗುತ್ತೆ," ಎಂದ ಅಂಗಸ್. "ಅವಳ ಮಾತು ಬಿಡಿ ಅಜ್ಜಿ. ಕಾಲೇಜಿಗೆ ಹೋಗಿ ಕೆಟ್ಟಳು."

"ನಿನಗೇನಾಗುತ್ತೆ ಆಮೇಲೆ?" ಎಂದು ಕೇಳಿದೆ.

"ನೆಲದ ಮೇಲೇ ಇರ್ತೀನಿ. ಬಿದ್ರೂ ಜಾಸ್ತಿ ದೂರ ಹೋಗಲ್ಲ."

ಅಜ್ಜಿ ಎದ್ದು ಹೋಗಿ ಅವನ ಜಾಕೆಟ್ಟಿನ ಜೇಬಿನಿಂದ ಡಬ್ಬಿ ತೆಗೆದು ಅಂಗೈಗೆ ಸುರಿದುಕೊಂಡರು. ಬಹುಪಾಲು ಅರ್ಧ ಮಾತ್ರೆಗಳು, ಚಾಕುವಿನಿಂದ ಓರೆಕೋರೆಯಾಗಿ ಕತ್ತರಿಸಿದವು. ಹೋದ ತಿಂಗಳು ಅವನು ಒಲೆಯ ಮೇಲೆ ಬಿದ್ದದ್ದು ಯಾಕೆ ಎಂದು ಆಗ ನಮಗೆಲ್ಲ ತಿಳಿಯಿತು. ಅವನು ಕಣ್ಣು ತಪ್ಪಿಸಿದ. ಒಂದೂ ಬೀಳದ ಹಾಗೆ ಅಜ್ಜಿ ಮತ್ತೆ ಡಬ್ಬಿಗೆ ತುಂಬಿದರು. ಅದಕ್ಕೆ ತುಂಬಾ ಹೊತ್ತು ಹಿಡಿಯಿತು.

"ಡೆಲ್ಫೀನ್, ನಿಮ್ಮ ಅಧ್ಯಕ್ಷ ಯಾವಾಗ ಸಿಗ್ತಾನೆ?"

ನಲವತ್ತು ವರ್ಷದಿಂದ ಅಜ್ಜಿ ಆ ಕಟ್ಟಡದ ಮೆಟ್ಟಿಲು ತುಳಿದಿಲ್ಲ. ಡೆಲ್ಫೀನ್ ಸೂಪಿನ ಸೌಟು ಕೆಳಗಿಟ್ಟಳು.

"ಪೇಟೆಂಟ್ ವಾಪಸ್ ಕೊಡಿ ಅಂತೀರಾ? ಸಹಿ ಆಗೋಗಿದೆ ಅಜ್ಜಿ."

"ಇಲ್ಲ. ನಮ್ಮ ಹುಡುಗನಿಗೆ ಮಾತ್ರೆ ಕೊಡಿಸಪ್ಪ ಅಂತೀನಿ."

"ಅಜ್ಜಿ, ಬೇಡ," ಎಂದ ಅಂಗಸ್. ಅವರು ಅವನತ್ತ ತಿರುಗಲಿಲ್ಲ.

ಡೆಲ್ಫೀನ್ ಫೋನು ಹಿಡಿದು ಹಿತ್ತಲಿಗೆ ಹೋದಳು. ಒಳಗೆ ಬಂದಾಗ ಅವಳ ಕಿವಿ ಕೆಂಪಾಗಿತ್ತು. "ನಾಳೆ ಬೆಳಿಗ್ಗೆ ಹತ್ತೂಕಾಲಿಗೆ. ಎರಡನೇ ಮಹಡಿ. ಆದರೆ ಹತ್ತೇ ನಿಮಿಷ ಅಂತೆ, ಆಮೇಲೆ ಕಂಪನಿಯವರ ಜೊತೆ ಮೀಟಿಂಗಂತೆ."

ನಮ್ಮಲ್ಲಿ ಯಾವ ಸಭೆಯೂ ನೆಲ, ನೀರು, ಮೀನು, ಗಾಳಿ ಎಲ್ಲಕ್ಕೂ ಕೃತಜ್ಞತೆ ಹೇಳದೆ ಆರಂಭವಾಗುವುದಿಲ್ಲ. ಅಜ್ಜಿ ಹೇಳಿದರೆ ಅರ್ಧ ಗಂಟೆ.

"ಸರಿ," ಎಂದರು ಅಜ್ಜಿ. "ನಾಳೆ ಅದನ್ನ ಹೇಳಲ್ಲ. ಒಂಬತ್ತೂವರೆಗೆ ಗಾಡಿ ತೆಗಿ."